ಕೀಸ್ ತೂಗುಹಾಕಿದ ಬಿಲ್ಲೆ

ಜೀವಮಾನವೆಲ್ಲ ಬಾಯ್ಲರಿನ ಬುಡದಲ್ಲಿ ಬೆವರು ಸುರಿಸಿದ ಸಾಲ್ವು ಝೆರಾಫಾಗೆ, ಬಿಸಿಲಿನಿಂದ ಕರೆಂಟು ತೆಗೆಯುತ್ತಾರೆಂಬ ಮಾತು ಬರೀ ಗಾಳಿಗೋಪುರ. ನಮ್ಮ ಕಣಿವೆಯಲ್ಲಿ ಕರೆಂಟು ಎಂದರೆ ನೆಲದಡಿಯ ಕಂದು ಕಲ್ಲಿದ್ದಲು, ಸಾಲುಗಟ್ಟಿ ನಿಂತ ಚಿಮಣಿಗಳು, ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಕಾರು. ಮೆಲ್ಬರ್ನಿನ ಮಂದಿ ಗುಂಡಿ ಒತ್ತಿದರೆ ದೀಪ ಹತ್ತುತ್ತಿದ್ದದ್ದು ನಮ್ಮಿಂದ. ಆ ಜಂಬ ನಮಗೆ ತುಸು ಹೆಚ್ಚೇ ಇತ್ತು. ಅದನ್ನು ಮುಚ್ಚಿಟ್ಟುಕೊಳ್ಳುವ ಸಂಕೋಚ ಮಾತ್ರ ಯಾರಿಗೂ ಇರಲಿಲ್ಲ.

ಒಂದು ದಿನ ವಿದ್ಯುತ್ ಸ್ಥಾವರ ಮುಚ್ಚುತ್ತೇವೆ ಎಂದರು. ಮುಚ್ಚಿಯೂ ಬಿಟ್ಟರು. ಕಡೆಯ ದಿನ ಗೇಟಿನ ಬಳಿ ಗಟ್ಟಿಮುಟ್ಟು ಗಂಡಸರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಸಾಲ್ವು ಅಳಲಿಲ್ಲ. ಬುತ್ತಿಯ ಡಬ್ಬಿ ಹಿಡಿದು ಮನೆಗೆ ಬಂದ, ಡಬ್ಬಿ ತೊಳೆದು ಬೋರಲು ಹಾಕಿದ, ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಅವನ ಹೆಂಡತಿ ದೋರಿಸ್ ಹೇಳುವ ಪ್ರಕಾರ, ಆವತ್ತು ಕೂತವನು ಮುಂದಿನ ಚಳಿಗಾಲದ ತನಕ ಏಳಲಿಲ್ಲ.

ದುಃಖ ಎನ್ನೋಣವೆಂದರೆ ಅದೂ ಅಲ್ಲ. ದುಃಖವಿದ್ದಿದ್ದರೆ ದೋರಿಸಳಿಗೆ ಅದರ ಜೊತೆ ಏಗಲು ಗೊತ್ತಿತ್ತು. ಮಾಲ್ಟಾ ದ್ವೀಪದಿಂದ ಬಂದ ಅವಳಂಥ ಹೆಂಗಸರಿಗೆ ಅಳುವುದು, ಅಳಿಸುವುದು, ಸಮಾಧಾನ ಮಾಡುವುದು ಎಲ್ಲ ಹುಟ್ಟಿನಿಂದ ಬಂದ ವಿದ್ಯೆ. ಇವನು ಹಾಕಿದ್ದನ್ನು ತಿನ್ನುತ್ತಿದ್ದ, ಹೇಳಿದ್ದನ್ನು ಮಾಡುತ್ತಿದ್ದ, ಮಲಗೆಂದರೆ ಮಲಗುತ್ತಿದ್ದ. ಉಪ್ಪು ಹಾಕದ ಸಾರನ್ನು ಅವಳು ಬೇಕೆಂದೇ ಒಂದು ದಿನ ಬಡಿಸಿದಳು. ಉಸಿರೆತ್ತದೆ ಕುಡಿದು ಬಟ್ಟಲು ತೊಳೆದಿಟ್ಟ. ಆವತ್ತು ಅವಳಿಗೆ ನಿಜಕ್ಕೂ ಭಯವಾಯಿತು.

ಅವನನ್ನು ಎಬ್ಬಿಸಿದವನು ಕೀಸ್. ಹಾಲೆಂಡಿನಲ್ಲಿ ಹುಟ್ಟಿ, ಎಳವೆಯಲ್ಲೇ ಅಪ್ಪ ಅಮ್ಮನ ಜೊತೆ ಕಣಿವೆಗೆ ಬಂದವನು. ಆಳು ಏಣಿಯಷ್ಟು ಉದ್ದ, ನಾಲಗೆ ಅದಕ್ಕಿಂತ ಉದ್ದ. ಸಾಲ್ವು ಮತ್ತು ಅವನು ಸ್ಥಾವರದಲ್ಲಿ ಶುರುವಿನಿಂದ ಕೊನೆಯವರೆಗೆ ಒಂದೇ ಪಾಳಿ. ಪರಿಹಾರದ ಹಣ ಬಂದದ್ದೇ ಬೇರೆಯವರು ಕ್ಯಾರವಾನು ಕೊಂಡು ಉತ್ತರದ ಸೆಕೆಯ ಕಡೆ ಹೋದರು. ಕೀಸ್ ಎಲ್ಲೂ ಹೋಗಲಿಲ್ಲ. ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ನೇರ ಒಳಗೆ ಬಂದು, ಸಾಲ್ವುವಿನ ಎದುರು ನಿಂತು ಸೊಂಟದ ಮೇಲೆ ಕೈ ಇಟ್ಟ.

"ಏಳೋ. ನಿನ್ನ ಮನೆ ಮಾಡಿನ ಮೇಲೆ ಸೋಲಾರ್ ಕೂರಿಸೋಣ."

"ಯಾರಿಗೆ ಬೇಕೋ ಅದು?"

"ನಿಂಗೇ ಕಣೋ. ಕರೆಂಟು ಮಾಡ್ದೆ ಬದುಕೋಕಾಗಲ್ಲ ನಿನ್ ಕೈಲಿ. ಮುಖ ನೋಡ್ಕೋ ಹೋಗು, ಕೆಟ್ಟು ನಿಂತ ಟರ್ಬೈನ್ ಇದ್ದಂಗಿದೆ."

"ಕಲ್ಲಿದ್ದಲಿನವರು ನಾವು. ಊರು ನಗುತ್ತೆ."

"ನಗಲಿ ಬಿಡೋ. ಊರು ನಕ್ಕು ಎಷ್ಟು ದಿನ ಆಯ್ತು!"

ಸಾಲ್ವು ಎದ್ದದ್ದು ಆಸೆಯಿಂದಲ್ಲ. ಬೇಡ ಎನ್ನುವುದಕ್ಕೂ ಒಂದು ಚೈತನ್ಯ ಬೇಕು, ಅದೂ ಅವನಲ್ಲಿ ಇರಲಿಲ್ಲ. ಹೋಗಿ ಅಂಗಳದಲ್ಲಿ ನಿಂತು ಇಬ್ಬರೂ ಮಾಡನ್ನು ನೋಡಿದರು. ಹಳೆಯ ಕೆಂಪು ಹೆಂಚಿನ ಮಾಡು; ಸ್ಥಾವರದವರಿಗೆಂದು ಒಂದೇ ಅಚ್ಚಿನಲ್ಲಿ ಕಟ್ಟಿದ ಮನೆಗಳ ಸಾಲಿನಲ್ಲಿ ಇದರ ಇಳಿಜಾರು ಮಾತ್ರ ಸರಿಯಾಗಿ ಉತ್ತರಕ್ಕೆ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಸೂರ್ಯ ಸಾಗುವ ಕಡೆಗೆ. ಅಕ್ಕಪಕ್ಕ ನೆರಳು ಹಾಕುವ ಒಂದು ಮರವೂ ಇಲ್ಲ. ಕೀಸ್ ತೃಪ್ತಿಯಿಂದ ಮೂಗು ಉಜ್ಜಿಕೊಂಡ.

ಹೆಂಚಿನ ಮಾಡಿನ ಮೇಲೆ ಪ್ಯಾನೆಲ್ ಕೂರಿಸುವುದು ತಗಡಿನ ಮೇಲೆ ಕೂರಿಸಿದಷ್ಟು ಸಲೀಸಲ್ಲ. ಹೆಂಚನ್ನು ಮೇಲಕ್ಕೆ ಸರಿಸಬೇಕು, ಅದರಡಿಯ ಇಳಿಜಾರು ತೊಲೆಯಾದ ಪಕ್ಕಾಸನ್ನು ಹುಡುಕಬೇಕು, ಅದಕ್ಕೆ ಕಬ್ಬಿಣದ ಕೊಕ್ಕೆಯನ್ನು ತಿರುಪು ಹಾಕಿ ಬಿಗಿಯಬೇಕು, ಹೆಂಚಿನ ಅಡಿಯಂಚನ್ನು ಕೊಕ್ಕೆಯಷ್ಟು ಉಜ್ಜಿ ಮತ್ತೆ ಮೊದಲಿನಂತೆ ಕೂರಿಸಬೇಕು. ಕೊಕ್ಕೆಗಳ ಮೇಲೆ ಉದ್ದುದ್ದ ಪಟ್ಟಿ, ಪಟ್ಟಿಯ ಮೇಲೆ ಪ್ಯಾನೆಲ್. ಕೊಕ್ಕೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅಂಗಡಿಯಿಂದ ತಂದರೆ ನಾವು ಕಣಿವೆಯವರು ಹೇಗಾದೇವು?

ಸ್ಥಾವರದ ಉಕ್ಕಿನಲ್ಲಿ ಮನೆಯ ಸಾಮಾನು ಮಾಡಿಕೊಳ್ಳುವುದಕ್ಕೆ ನಾವು 'ಪರದೇಶಿ ಕೆಲಸ' ಎನ್ನುತ್ತೇವೆ. ಇಲ್ಲಿನ ಅರ್ಧ ಗೇಟುಗಳು, ಮುಕ್ಕಾಲು ಪಾಲು ಮಾಂಸ ಸುಡುವ ಒಲೆಗಳು ಪರದೇಶಿಗಳೇ. ಯಾರಿಗೂ ತಿಳಿಯದ ಗುಟ್ಟೇನಲ್ಲ, ಮೇಸ್ತ್ರಿಗಳ ಮನೆಯಲ್ಲೂ ಇದ್ದವು. ಕೀಸನ ಶೆಡ್ಡಿನಲ್ಲಿ ಆ ಕಾಲದ ಉಕ್ಕಿನ ಪಟ್ಟಿಗಳ ರಾಶಿಯೇ ಬಿದ್ದಿತ್ತು. ಎರಡು ವಾರ ಇಬ್ಬರೂ ಕೊಯ್ದು, ಬಗ್ಗಿಸಿ, ಬೆಸುಗೆ ಹಾಕಿ ಕೊಕ್ಕೆಗಳನ್ನು ತಯಾರಿಸಿದರು. ಬಾಯ್ಲರಿಗೆ ಆಧಾರ ಕೊಟ್ಟು ಅಭ್ಯಾಸವಾದ ಕೈಗಳಲ್ಲವೇ, ಒಂದೊಂದು ಕೊಕ್ಕೆಯೂ ಎರಡೂ ಕೈಯಲ್ಲಿ ಎತ್ತುವಂತಿತ್ತು.

ದೋರಿಸ್ ಒಂದನ್ನು ಎತ್ತಿ ನೋಡಿ ಕೆಳಗಿಟ್ಟಳು. "ಇದಕ್ಕೆ ಪ್ಯಾನೆಲ್ ನೇತುಹಾಕ್ತೀರೋ, ಹಡಗು ಕಟ್ತೀರೋ?"

"ಗಟ್ಟಿ ಇರ್ಲಿ ಅಂತ ಕಣಮ್ಮ," ಅಂದ ಕೀಸ್.

"ಗಟ್ಟಿ ಇದೆ. ಮಾಡು ಬಿದ್ರೂ ಇದೊಂದು ನಿಂತಿರುತ್ತೆ."

ಮೊದಲ ಸಾಲು ಕೂರಿಸುವಾಗಲೇ ಅವಳ ಮಾತು ನಿಜವಾಗತೊಡಗಿತು. ಉಕ್ಕು ಎಷ್ಟು ದಪ್ಪವೆಂದರೆ, ಹೆಂಚನ್ನು ಎಷ್ಟು ಉಜ್ಜಿದರೂ ಸಂದು ಮುಚ್ಚಲಿಲ್ಲ. ಒತ್ತಿದರೆ ಹೆಂಚು ಪಟ್ ಎಂದು ಸೀಳಿತು. ಒಳಗೆ ಹೋಗಿ ನೋಡಿದರೆ ಹೆಂಚು ಹೊತ್ತ ರೀಪುಗಳು ಬಾಗಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಹಳೆ ಸಹೋದ್ಯೋಗಿಯೊಬ್ಬ ಕಾರು ನಿಧಾನ ಮಾಡಿ, "ಏ ಸಾಲ್ವು, ಮೋಡ ಬಂದ ದಿನ ಟಿ.ವಿ. ನೋಡೋಕೆ ನಮ್ಮನೆಗೆ ಬಾರೋ!" ಎಂದು ಕೂಗಿ ಹೋದ. ಮಾಡಿನ ಮೇಲೆ ಕೂತ ಕೀಸ್, ಕೈಲಿದ್ದ ಹೆಂಚಿನ ಚೂರನ್ನು ನೋಡಿ, ತಾನು ಮಾಡಿದ ಕೊಕ್ಕೆಯನ್ನು ನೋಡಿ, ಬೇರೆ ದಾರಿ ಕಾಣದೆ ನಕ್ಕುಬಿಟ್ಟ. ಪರದೇಶಿಗಳೆಲ್ಲ ಮತ್ತೆ ಶೆಡ್ಡು ಸೇರಿದವು. ಅಂಗಡಿಯ ತೆಳ್ಳನೆ ಕೊಕ್ಕೆಗಳು ಬಂದವು. ಈ ವಿಷಯವನ್ನು ಹೊರಗೆ ಬಾಯಿ ಬಿಡಬಾರದೆಂದು ಇಬ್ಬರೂ ದೋರಿಸಳಿಂದ ಮಾತು ತೆಗೆದುಕೊಂಡರು. ಅವಳು ಮರುದಿನವೇ ಇಡೀ ಬೀದಿಗೆ ಹೇಳಿದಳು.

ಬಿಲ್ಲೆಯ ವಿಷಯ ಬಂದದ್ದು ಇದಾದ ಮೇಲೆ. ಸ್ಥಾವರದಲ್ಲಿ ಯಾರೇ ಆಗಲಿ, ಯಂತ್ರದೊಳಗೆ ಕೈ ಹಾಕುವ ಮುಂಚೆ ಅದರ ಸ್ವಿಚ್ಚು ಆರಿಸಿ ತನ್ನ ಹೆಸರಿರುವ ಕೆಂಪು ಬಿಲ್ಲೆಯನ್ನು ಅದಕ್ಕೆ ಕಟ್ಟಬೇಕು. ಬಿಲ್ಲೆ ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ ಎಂದು ಅರ್ಥ. ಅದು ತೂಗುತ್ತಿರುವ ತನಕ ಪ್ರಧಾನಮಂತ್ರಿಯೇ ಬಂದರೂ ಸ್ವಿಚ್ಚು ಮುಟ್ಟುವಂತಿಲ್ಲ, ಕಟ್ಟಿದವನೇ ಬಂದು ಬಿಚ್ಚಬೇಕು. ಪಕ್ಕಾಸಿಗೆ ತಿರುಪು ಹಾಕುವಾಗ ಒಳಗಿನ ಹಳೇ ವೈರುಗಳಿಗೆ ತಗುಲೀತು ಎಂದು ಕೀಸ್ ಮನೆಯ ಮೇನ್ ಸ್ವಿಚ್ಚು ಆರಿಸಿ ಬಿಲ್ಲೆ ಕಟ್ಟಿದ. ಪಕ್ಕದಲ್ಲೇ ಸಾಲ್ವು ತನ್ನದನ್ನೂ ಕಟ್ಟಿದ. ಅದು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು.

ಸ್ವಲ್ಪ ಹೊತ್ತಿಗೆ, ಮಾಲ್ಟಾದ ಕಡುಬು ಪಸ್ತಿಟ್ಸಿಯನ್ನು ಕರೆಂಟು ಒಲೆಯಲ್ಲಿ ಇಟ್ಟಿದ್ದ ದೋರಿಸಳ ಕೂಗು ಅಂಗಳದಿಂದ.

"ಪಸ್ತಿಟ್ಸಿ ಅರ್ಧ ಬೆಂದಿದೆ ಕಣ್ರೋ! ಒಲೆ ಆರಿಹೋಯ್ತು. ಇಳೀರಿ ಇಬ್ರೂ!"

"ಇನ್ನೊಂದೇ ಪಕ್ಕಾಸು ದೋರಿಸ್!" ಅಂದ ಕೀಸ್. "ಅರ್ಧ ಬೆಂದಿದ್ದೇ ಕೊಡು, ತಿಂತೀನಿ."

"ನಿಂಗೇನಪ್ಪ, ಹಸಿ ಹಿಟ್ಟು ಕೊಟ್ರೂ ತಿಂತೀಯ. ನನ್ನ ಮನೇಲಿ, ನನ್ನ ಸ್ವಿಚ್ಚಿಗೆ, ನಿಮ್ಮ ಬಿಲ್ಲೆ! ಎಲ್ಲಾದ್ರೂ ಉಂಟಾ?"

ಬೈದಳು, ಮೀಟರು ಪೆಟ್ಟಿಗೆಯ ಮುಂದೆ ಕಾಲು ನೆಲಕ್ಕೆ ಬಡಿದಳು, ಆದರೆ ಬಿಲ್ಲೆ ಮುಟ್ಟಲಿಲ್ಲ. ಸ್ಥಾವರದವನ ಹೆಂಡತಿ ಅವಳು. ಮಾಡಿನ ಮೇಲೆ ಸಾಲ್ವುವಿನ ಬಾಯಿ ಒಂದು ಬದಿಗೆ ಎಳೆದುಕೊಂಡಿತು. ಅದನ್ನು ನಗು ಎನ್ನುವಂತಿಲ್ಲ, ನಗುವಿನ ದೂರದ ನೆಂಟ ಎನ್ನಬಹುದು. ಕೀಸ್ ಅದನ್ನು ನೋಡಿದ, ನೋಡಿಲ್ಲವೆಂಬಂತೆ ತಿರುಪು ಬಿಗಿಯತೊಡಗಿದ.

ಹೀಗೆ ವಾರದ ಮೇಲೆ ವಾರ ಕೆಲಸ ಸಾಗಿತು. ವೈರಿನ ಕೆಲಸಕ್ಕೆ ಮಾತ್ರ ಲೈಸೆನ್ಸು ಇದ್ದವರೇ ಬೇಕು. ಅದಕ್ಕೆ ಟೀಗನ್ ಎಂಬ ಎಲೆಕ್ಟ್ರಿಷಿಯನ್ ಹುಡುಗಿ ಬಂದಳು. ಕೊಕ್ಕೆಗಳನ್ನೆಲ್ಲ ಅಲ್ಲಾಡಿಸಿ ನೋಡಿ ಒಪ್ಪಿದಳು, ಮೀಟರು ಪೆಟ್ಟಿಗೆಯಲ್ಲಿ ಸೋಲಾರಿಗೆಂದೇ ಹೊಸ ಸ್ವಿಚ್ಚು ಕೂರಿಸಿದಳು. ಕಡೆಯ ಸಾಲು ಮುಗಿದ ಮೇಲೆ ಕರೆಯಿರಿ, ಬಂದು ಚಾಲೂ ಮಾಡಿಕೊಡುತ್ತೇನೆ ಎಂದು ಹೋದಳು. ಪ್ಯಾನೆಲ್ಲಿಗೆ ಬಿಸಿಲು ಬಿದ್ದರೆ ಸಾಕು, ಅದು ಯಾರನ್ನೂ ಕೇಳದೆ ಕರೆಂಟು ಮಾಡುತ್ತದೆ. ಅದಕ್ಕೆಂದು ಇಬ್ಬರೂ ಆ ಹೊಸ ಸ್ವಿಚ್ಚಿಗೆ ತಮ್ಮ ಬಿಲ್ಲೆ ಕಟ್ಟಿದರು. ಒಂದು ಶನಿವಾರ ಸಂಜೆಗೆ ಒಂದೇ ಒಂದು ಪ್ಯಾನೆಲ್ ಉಳಿಯಿತು, ಅದನ್ನು ಪಟ್ಟಿಗೆ ಬಿಗಿಯುವ ಕ್ಲ್ಯಾಂಪು ಸಾಲದೆ ಬಂದಿತ್ತು. ಸಾಲ್ವು ತನ್ನ ಬಿಲ್ಲೆ ಬಿಚ್ಚಿಕೊಂಡ. ಕೀಸ್ ಬಿಚ್ಚಲಿಲ್ಲ.

"ಇರ್ಲಿ ಬಿಡು. ಸೋಮವಾರ ಕ್ಲ್ಯಾಂಪು ತರ್ತೀನಿ. ನಾನು ಬರೋ ತನಕ ಯಾರೂ ಹಾಕ್ಬಾರ್ದು."

ಮರುದಿನ ಭಾನುವಾರ ಊಟ ಮಾಡಿ, ತನ್ನ ಮನೆಯ ಹಿತ್ತಲ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಕೀಸ್ ಮತ್ತೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು. ಅವನ ಹೆಂಡತಿ ನೋಯೆಲೀನ್ ಫೋನು ಮಾಡಿದಾಗ ಸಾಲ್ವು ಪೂರ್ತಿ ಕೇಳಿಸಿಕೊಂಡು, "ಸರಿ" ಎಂದು ಫೋನು ಇಟ್ಟ.

ಶವಪೆಟ್ಟಿಗೆಗೆ ಅವನೂ ಹೆಗಲು ಕೊಟ್ಟ. ಭಾರ ಇದೆ ಅನ್ನಿಸಿತು, ಮರ ತಣ್ಣಗಿದೆ ಅನ್ನಿಸಿತು, ಬೇರೇನೂ ಅನ್ನಿಸಲಿಲ್ಲ. ಮಣ್ಣು ಹಾಕುವಾಗ ಪಕ್ಕದವನು ಬಿಕ್ಕುತ್ತಿದ್ದ. ಇವನ ಕಣ್ಣು ಒಣಗಿಯೇ ಇತ್ತು. ತನ್ನಲ್ಲಿ ಏನೋ ಕೆಟ್ಟಿದೆ ಎಂದು ಅವನಿಗೂ ಗೊತ್ತಾಗುತ್ತಿತ್ತು, ಆದರೆ ಅದು ಯಾರೋ ಪರಕೀಯನ ಕಾಯಿಲೆಯಂತೆ ದೂರದಿಂದ ಗೊತ್ತಾಗುತ್ತಿತ್ತು. ಮನೆಗೆ ಬಂದು ಬೂಟು ಒರೆಸಿಟ್ಟು, ಹಳೆ ಕುರ್ಚಿಯಲ್ಲಿ ಕೂತ.

ಟೀಗನ್ ತಾನಾಗಿಯೇ ಬಂದಳು, ಕರೆಯದಿದ್ದುದಕ್ಕೆ ಏನಾಯಿತೆಂದು ನೋಡಲು. ಮೀಟರು ಪೆಟ್ಟಿಗೆ ತೆರೆದವಳು ಹಾಗೇ ನಿಂತಳು.

"ಇದು ಯಾರದು?"

"ಕೀಸ್‌ದು."

"ಅಯ್ಯೋ. ಅವರು... ಕೇಳಿದೆ. ಪಾಪ, ಎಷ್ಟು ನಗಿಸ್ತಿದ್ರು." ಆಮೇಲೆ ಮೆಲ್ಲಗೆ ಅಂದಳು, "ಹಾಗಾದ್ರೆ ನೀವೇ ಬಿಚ್ಚಬೇಕಾಗುತ್ತೆ ಸಾಲ್ವು. ನಿಮ್ಮ ಮನೆ ಅಲ್ವಾ."

"ಬಿಲ್ಲೆ ನಂದಲ್ಲಮ್ಮ."

"ಅದು ಗೊತ್ತು. ಆದ್ರೆ ಅವರು ಬರೋದಿಲ್ಲವಲ್ಲ."

ಸಾಲ್ವು ವಾದಕ್ಕೆ ನಿಂತ ಹಾಗೆ ಕಾಣಲಿಲ್ಲ, ಗೋಡೆ ನೋಡುತ್ತ ನಿಂತಿದ್ದ ಅಷ್ಟೆ. ಟೀಗನ್ನೂ ಮುಂದೆ ಕೈ ಚಾಚಲಿಲ್ಲ. ಇನ್ನೊಬ್ಬರ ಬಿಲ್ಲೆ ಮುಟ್ಟಬಾರದೆಂದು ಕೆಲಸ ಕಲಿತ ಮೊದಲ ದಿನವೇ ಅವಳಿಗೂ ಹೇಳಿಕೊಟ್ಟಿದ್ದರು. ಯಾವಾಗ ಸರಿಹೋದರೂ ಕರೆಯಿರಿ ಎಂದು ಪೆಟ್ಟಿಗೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೋದಳು.

ಬೇಸಿಗೆ ಬಂತು. ಅಂಗಳದ ಹುಲ್ಲು ಒಣಗಿತು. ಮಾಡಿನ ಮೇಲೆ ಪ್ಯಾನೆಲ್ಲುಗಳು ಬಿಸಿಲು ಕಾಯುತ್ತ ಬಿದ್ದಿದ್ದವು, ಅವುಗಳ ಕರೆಂಟು ಆ ಸ್ವಿಚ್ಚಿನ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಕೊನೆಯ ಪ್ಯಾನೆಲ್ ಶೆಡ್ಡಿನ ಗೋಡೆಗೆ ಒರಗಿತ್ತು. ಸಾಲ್ವು ದಿನಕ್ಕೊಮ್ಮೆ ಮೀಟರು ಪೆಟ್ಟಿಗೆ ತೆರೆದು, ಬಿಲ್ಲೆ ಇದೆಯೇ ಎಂದು ನೋಡಿ ಮುಚ್ಚುತ್ತಿದ್ದ. ಹಾಗೆ ನೋಡುವುದೊಂದು ಬಿಟ್ಟರೆ ಕುರ್ಚಿ ಬಿಟ್ಟು ಏಳುವ ಕೆಲಸ ಅವನಿಗೆ ಇರಲಿಲ್ಲ. ಮಾತೂ ಕಡಿಮೆಯಾಗುತ್ತ ಬಂದು, ಕೊನೆಗೆ ಹೂಂ, ಊಹೂಂಗೆ ನಿಂತಿತು.

ದೋರಿಸ್ ಕೆಲವು ದಿನ ಗೊಣಗಿದಳು. ಒಂದು ಮಧ್ಯಾಹ್ನ ಅವಳ ತಾಳ್ಮೆ ಮುಗಿಯಿತು.

"ಸಾಲ್ವು, ಇಲ್ಲಿ ಕೇಳು. ಹೋದ ಸಲ ನೀನು ಹಿಂಗೆ ಕೂತಾಗ ಕೀಸ್ ಬಂದು ಎಬ್ಬಿಸಿದ. ಈಗ ಯಾರು ಬರ್ತಾರೆ? ನಾನು ಎಬ್ಬಿಸಿದ್ರೆ ನೀನು ಏಳಲ್ಲ. ಆ ಬಿಲ್ಲೆ ಅಲ್ಲಿರೋ ತನಕ ನೀನು ಈ ಕುರ್ಚಿ ಬಿಡಲ್ಲ. ನಂಗೆ ಕರೆಂಟು ಬೇಡ, ಸೋಲಾರು ಬೇಡ. ಗಂಡ ಬೇಕು. ಇದ್ದೂ ಇಲ್ಲದಂಗೆ ಇರೋ ಗಂಡನ್ನ ಇಟ್ಕೊಂಡು ನಾನೇನು ಮಾಡ್ಲಿ, ಹೇಳು?"

ಅವಳು ಸೊಪ್ಪು ಕತ್ತರಿಸುವ ಕತ್ತರಿ ಕೈಗೆತ್ತಿಕೊಂಡು ಹೊರಗೆ ನಡೆದಳು. ಮೀಟರು ಪೆಟ್ಟಿಗೆಯ ಬಾಗಿಲು ಕಿರ್ ಎಂದದ್ದು ಅಡುಗೆಮನೆಗೆ ಕೇಳಿಸಿತು. ಆ ವಯಸ್ಸಿನ ಮನುಷ್ಯ ಅಷ್ಟು ಬೇಗ ಹೇಗೆ ಅಂಗಳ ದಾಟಿದನೋ, ಕತ್ತರಿಯ ಬಾಯಿ ದಾರಕ್ಕೆ ತಗುಲುವ ಮುಂಚೆ ಅವಳ ಮಣಿಕಟ್ಟು ಹಿಡಿದಿದ್ದ.

"ಬೇಡ! ಒಳಗೆ ಮನುಷ್ಯ ಇದ್ದಾನೆ!"

ಆ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಇಬ್ಬರೂ ಬೆಚ್ಚಿಬಿದ್ದರು. ಎಷ್ಟೋ ತಿಂಗಳಿಂದ ಅವನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದಿರಲಿಲ್ಲ. ದೋರಿಸ್ ಕತ್ತರಿ ಕೆಳಗಿಟ್ಟು ಅವನ ಮುಖ ನೋಡಿದಳು. ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ಪೂರ್ತಿ ಅರ್ಥವಾಯಿತು, ಯಾಕೆಂದರೆ ಆ ಕತೆಯಲ್ಲಿ ಅವಳೂ ಇದ್ದಳು.

ಮದುವೆಯಾದ ಹೊಸತರಲ್ಲಿ ಒಮ್ಮೆ, ಕಲ್ಲಿದ್ದಲು ಪುಡಿ ಮಾಡುವ ಗಿರಣಿಯೊಳಗೆ ಸಾಲ್ವು ರಿಪೇರಿಗೆ ಇಳಿದಿದ್ದ. ಕಾಲು ಜಾರಿ ತಲೆಗೆ ಪೆಟ್ಟಾಗಿ ಮೂಲೆಯಲ್ಲಿ ಎಚ್ಚರ ತಪ್ಪಿ ಬಿದ್ದ. ಪಾಳಿ ಬದಲಾಯಿತು. ಸ್ವಿಚ್ಚಿನ ಮೇಲೆ ಅವನ ಬಿಲ್ಲೆ. ಮೇಸ್ತ್ರಿ, "ಮರೆತು ಮನೆಗೆ ಹೋಗಿದ್ದಾನೆ ಬಿಡ್ರೋ, ಬಿಚ್ಚಿ ಗಿರಣಿ ಶುರು ಮಾಡಿ" ಎಂದ. ಕೀಸ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ. ಕಟ್ಟಿದವನು ಸಿಗದಿದ್ದರೆ ಏನು ಮಾಡಬೇಕೆಂದು ನಿಯಮವಿದೆ. ಮೊದಲು ಕೆಲಸದ ಜಾಗವನ್ನೆಲ್ಲ ಹುಡುಕಬೇಕು. ಆಮೇಲೆ ಅವನ ಮನೆಗೆ ಹೋಗಿ ಕೇಳಬೇಕು. ಬಿಲ್ಲೆ ಬಿಚ್ಚಿದ್ದೇ ಆದರೆ, ಅವನು ಮತ್ತೆ ಕೆಲಸಕ್ಕೆ ಕೈ ಹಾಕುವ ಮುಂಚೆ ಬಿಚ್ಚಿದ್ದೇವೆಂದು ಅವನಿಗೆ ಹೇಳಬೇಕು. ಗಿರಣಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ಕರೆದರು, ಉತ್ತರವಿಲ್ಲ. ಕೀಸ್ ಕಾರು ಹತ್ತಿ ದೋರಿಸಳ ಬಾಗಿಲಿಗೆ ಬಂದ. ಸಾಲ್ವು ಮನೆಯಲ್ಲಿದ್ದಾನಾ ಎಂದು ಕೇಳಿದ. ಇಲ್ಲವೆಂದಳು. ಅವನ ಮುಖ ಬಿಳಿಚಿದ್ದನ್ನು ಅವಳು ನೋಡಿದ್ದಳು. ಅವನು ವಾಪಸು ಓಡಿ, ತಾನೇ ತೆವಳಿ ಒಳಗೆ ಹೋಗಿ, ಸಾಲ್ವುವಿನ ಕಾಲು ಹಿಡಿದು ಹೊರಗೆ ಎಳೆದ.

"ಹಂಗಿದ್ರೆ ನಿಯಮದ ಪ್ರಕಾರ ಮಾಡು," ಅಂದಳು ದೋರಿಸ್. ಅವಳ ದನಿ ಈಗ ಇಳಿದಿತ್ತು. "ಕತ್ತರಿ ಹಾಕೋದು ತಪ್ಪು, ಒಪ್ಕೊಂಡೆ. ಆದ್ರೆ ಸುಮ್ನೆ ಕೂರೋದೂ ತಪ್ಪೇ. ನೀನು ಗಿರಣಿ ಒಳಗಿದ್ದಾಗ ಅವನು ಕುರ್ಚಿ ಹಾಕ್ಕೊಂಡು ಕೂತ್ನಾ? ಹುಡುಕಿದ. ನೀನೂ ಹುಡುಕು."

ಸಾಲ್ವು ಪೆಟ್ಟಿಗೆ ಮುಚ್ಚಿ ಏಣಿ ತಂದ.

ಮಾಡಿನ ಮೇಲೆ ಹತ್ತಿ ಪ್ಯಾನೆಲ್ಲುಗಳ ಸಂದುಗಳಲ್ಲಿ ಬಗ್ಗಿ ನೋಡಿದ. ಸೂರಿನ ಒಳಗೆ ಬ್ಯಾಟರಿ ಹಿಡಿದು ಪಕ್ಕಾಸಿನಿಂದ ಪಕ್ಕಾಸಿಗೆ ತೆವಳಿದ. ಧೂಳು, ಜೇಡನ ಬಲೆ, ತಿರುಪು ಎಲ್ಲಿ ಬರಬೇಕೆಂದು ಕೀಸ್ ಸೀಸದಕಡ್ಡಿಯಲ್ಲಿ ಹಾಕಿದ ಗೆರೆಗಳು. ಕೆಳಗೆ ಏಣಿ ಹಿಡಿದು ನಿಂತ ದೋರಿಸಳಿಗೆ ಅವನು ಕರೆದದ್ದು ಕೇಳಿಸಿತು. "ಕೀಸ್? ಲೋ, ಕೀಸ್?" ನಾಚಿಕೊಂಡು ಕರೆದಂತಿತ್ತು, ಆದರೆ ಕರೆಯದೆ ಬಿಡಲಿಲ್ಲ. ಕೆಳಗಿಳಿದು ಬಂದವನ ತಲೆತುಂಬ ಜೇಡನ ಬಲೆ.

"ಇಲ್ಲ," ಅಂದ.

"ಆ ಕಡೇ ಪ್ಯಾನೆಲ್ಲು?"

ಕೆಲಸ ಬಾಕಿ ಇರುವಾಗ ಬಿಲ್ಲೆ ಬಿಚ್ಚುವುದು ಹೇಗೆ? ಅವನೇ ಪೇಟೆಗೆ ಹೋಗಿ ಕ್ಲ್ಯಾಂಪು ತಂದ. ಹೆಂಚಿನ ಮಾಡನ್ನು ಎಂದೂ ಹತ್ತದಿದ್ದ ದೋರಿಸ್, ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ಯಾಮಾತೆಯ ಹೆಸರು ಹೇಳುತ್ತ ಏಣಿ ಹತ್ತಿದಳು. "ಹೆಂಚಿನ ಕೆಳ ಅಂಚಿಗೆ ಕಾಲಿಡು, ನಡುವೆ ಇಡ್ಬೇಡ," ಎಂದು ಅವನು ಹೇಳಿದ. ಅಷ್ಟು ಉದ್ದದ ಮಾತು ಕೇಳಿ ಅವಳಿಗೆ ಹೆದರಿಕೆಯೇ ಮರೆತುಹೋಯಿತು. ಇಬ್ಬರೂ ಸೇರಿ ಪ್ಯಾನೆಲ್ ಕೂರಿಸಿದರು. ಸಾಲ್ವು ಬಿಗಿದು, ಅಲ್ಲಾಡಿಸಿ, ಮತ್ತೊಮ್ಮೆ ಬಿಗಿದ. ಮಾಡಿದ್ದು ಸರಿಯಾಗಿತ್ತು. ಆದರೂ ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕ್ಷೌರ ಮಾಡಿಕೊಂಡು ಕೀಸನ ಮನೆಗೆ ಹೋದ. ಮಣ್ಣು ಮಾಡಿ ಬಂದ ಮೇಲೆ ಅತ್ತ ಕಾಲಿಟ್ಟಿರಲಿಲ್ಲ. ಬಾಗಿಲು ತೆರೆದ ನೋಯೆಲೀನ್ ಸೊರಗಿದ್ದಳು.

"ಅಂತೂ ದಾರಿ ನೆನಪಾಯ್ತಾ?" ಅಂದಳು. "ಬಾ ಒಳಗೆ. ಚಹಾ ಇಡ್ತೀನಿ."

ಅವನು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ, ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ನೋಯೆಲೀನ್ ಕೆಟಲಿನ ಕಡೆ ತಿರುಗಿದ್ದವಳು ಹಿಂತಿರುಗಿ ನೋಡಿದಳು.

"ಕೀಸ್ ಮನೇಲಿದ್ದಾನಾ?" ಎಂದು ಕೇಳಿದ ಸಾಲ್ವು.

ಬೇರೆ ಊರಿನ ಹೆಂಗಸಾಗಿದ್ದರೆ ಇವನಿಗೆ ತಲೆ ಕ್ರ್ಯಾಕು ಎಂದುಕೊಳ್ಳುತ್ತಿದ್ದಳು, ಇಲ್ಲವೇ ಕೆನ್ನೆಗೆ ಬಾರಿಸುತ್ತಿದ್ದಳು. ನಮ್ಮ ಕಣಿವೆಯಲ್ಲಿ, ಬಾಗಿಲಲ್ಲಿ ನಿಂತು ಟೋಪಿ ತೆಗೆದು ಆ ಪ್ರಶ್ನೆ ಕೇಳಿದರೆ ಏನೆಂದು ಪ್ರತಿಯೊಬ್ಬ ಹೆಂಡತಿಗೂ ಗೊತ್ತು. ಎಲ್ಲರೂ ಜೀವಮಾನವಿಡೀ ಅದಕ್ಕೆ ಹೆದರಿಕೊಂಡು ಬದುಕಿದವರೇ. ನೋಯೆಲೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಮೊದಲು ಸಿಟ್ಟು ಬಂತು. ಅದು ಇಳಿಯುವ ತನಕ ಅವನು ಕಾದ.

"ಬಿಲ್ಲೆ ಬಿಟ್ಟುಹೋಗಿದ್ದಾನಾ?" ಅಂದಳು.

"ಹೂಂ. ಸೋಲಾರಿನ ಸ್ವಿಚ್ಚಿಗೆ."

"ಇಷ್ಟು ದಿನದಿಂದ?"

"ಹೂಂ."

"ಮಾಡೆಲ್ಲ ಹುಡುಕಿದ್ಯಾ?"

"ಹುಡುಕ್ದೆ."

ನೋಯೆಲೀನ್ ಬೆನ್ನು ನೆಟ್ಟಗೆ ಮಾಡಿ ನಿಂತಳು. ಸಾಕ್ಷಿ ಹೇಳುವವಳಂತೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. "ಕೀಸ್ ಮನೇಲಿಲ್ಲ. ನಿನ್ನ ಮಾಡಿನ ಮೇಲೂ ಇಲ್ಲ. ನನ್ನ ಕೈಯಾರೆ ಅವನಿಗೆ ಅಂಗಿ ತೊಡಿಸಿದ್ದೀನಿ, ಗುಂಡಿ ಹಾಕಿದ್ದೀನಿ. ನೀನೇ ಹೊತ್ಕೊಂಡು ಹೋಗಿದ್ದೀಯ. ಅವನು ಯಂತ್ರದ ಒಳಗಿಲ್ಲ ಸಾಲ್ವು. ಹೊರಗೆ ಬಂದಿದ್ದಾನೆ. ಅವನಿಗೆ ಇನ್ನು ಯಾವ ಕರೆಂಟೂ ತಗಲೋದಿಲ್ಲ."

ಸಾಲ್ವು ತಲೆಯಾಡಿಸಿದ. ನೋಯೆಲೀನ್ ಚಪ್ಪಲಿಯನ್ನೂ ಬದಲಿಸದೆ, ಮನೆಯಲ್ಲಿ ಹಾಕಿಕೊಳ್ಳುವುದರಲ್ಲೇ ಅವನ ಜೊತೆ ನಡೆದು ಬಂದಳು. ದೋರಿಸ್ ಅಂಗಳದಲ್ಲೇ ಕಾಯುತ್ತಿದ್ದಳು. ಹೆಂಗಸರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಪಕ್ಕಕ್ಕೆ ನಿಂತರು. ಸಾಲ್ವು ಪೆಟ್ಟಿಗೆ ತೆರೆದ. ಕೀಸ್ ಹಾಕಿದ ಗಂಟು ಬಿಗಿಯಾಗಿತ್ತು. ಚಾಕು ಕೇಳಲಿಲ್ಲ, ಉಗುರಿನಿಂದ ಮೀಟಿ ಮೀಟಿ ಸಡಿಲಿಸಿದ. ಬಿಲ್ಲೆ ಅಂಗೈಗೆ ಬಂತು. ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತೋಚದವನಂತೆ ನಿಂತ.

"ಇನ್ನೊಂದು ಬಾಕಿ ಇದೆ," ಅಂದ. ಅವನ ದನಿ ಮೊದಲಿನಂತೆಯೇ ಸಪ್ಪೆಯಾಗಿತ್ತು. "ಬಿಚ್ಚಿದ್ದೀವಿ ಅಂತ ಅವನಿಗೆ ಹೇಳ್ಬೇಕು. ಗೊತ್ತಿಲ್ದೆ ಬಂದು ಕೈ ಹಾಕಿಬಿಟ್ರೆ..."

ದೋರಿಸ್ ನೋಯೆಲೀನಳ ಮುಖ ನೋಡಿದಳು.

"ನಾನು ಹೇಳ್ತೀನಿ ಬಿಡು," ಅಂದಳು ನೋಯೆಲೀನ್. "ಸಂಜೆ ಹೊತ್ತು ಹೇಗೂ ಅವನ ಹತ್ರ ಮಾತಾಡ್ತಾ ಇರ್ತೀನಿ. ಸಾಲ್ವು ಬಂದಿದ್ದ, ಸರಿಯಾಗಿ ಹುಡುಕಿದ, ಮನೆಗೆ ಬಂದು ಕೇಳಿದ, ಆಮೇಲೇ ಬಿಚ್ಚಿದ ಅಂತ ಹೇಳ್ತೀನಿ."

ಸಾಲ್ವು ಹೂಂ ಎನ್ನಲು ಹೋದ. ಹೂಂ ಬರಲಿಲ್ಲ. ಗೋಡೆಗೆ ಕೈ ಕೊಟ್ಟು ಮೆಲ್ಲಗೆ ಕೂತ. ಸ್ಥಾವರದ ಗೇಟಿನ ಬಳಿ ಬಾರದಿದ್ದ, ಮಣ್ಣು ಹಾಕುವಾಗಲೂ ಬಾರದಿದ್ದ ಅಳು ಒಟ್ಟಿಗೇ ಬಂತು. ಎಳೆ ಮಗುವಿನ ಹಾಗೆ ದನಿ ತೆಗೆದು ಅತ್ತ. ದಾರಿಯಲ್ಲಿ ಹೋಗುವವರು ನೋಡಿದರು, ನೋಡಲಿ ಎಂದು ದೋರಿಸ್ ಗೇಟು ಮುಚ್ಚಲಿಲ್ಲ. ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಟೀಗನ್‌ಗೆ ಸೋಲಾರು ಚಾಲೂ ಮಾಡಲು ಬಾ ಎಂದು ಮಧ್ಯಾಹ್ನ ಫೋನು ಮಾಡಿದರಾಯಿತು, ಅವನು ಅತ್ತು ಮುಗಿಸಲಿ ಎಂದು ಕಾದಳು.